ಹೊಟ್ಟೆ ತೆಗೆಸಿಕೊಂಡವರ ಪಟ್ಟಿ

ಜೂನ್ 3, ಸೋಮವಾರ

ಇವತ್ತು ನಮ್ಮ ಸಂಸ್ಥೆಯಲ್ಲಿ ಜೀನ್ ಓದುವ ಹೊಸ ಯಂತ್ರದ ಉದ್ಘಾಟನೆಯಾಯಿತು. ಮೂರು ವಾರದಿಂದ ಮರದ ಪೆಟ್ಟಿಗೆಯೊಳಗೆ ಕಾರಿಡಾರಿನಲ್ಲಿ ಬಿದ್ದಿತ್ತು. ಎಲ್ಲರೂ ಅದರ ಮೇಲೆ ಚಹಾ ಲೋಟ ಇಟ್ಟು ಹರಟುತ್ತಿದ್ದರು. ಈಗ ಅದಕ್ಕೊಂದು ತಣ್ಣನೆಯ ಕೋಣೆ, ಗಾಜಿನ ಬಾಗಿಲು, ಚಪ್ಪಲಿ ಬಿಟ್ಟು ಒಳಗೆ ಬರಬೇಕೆಂಬ ಬೋರ್ಡು. ನಮ್ಮ ದಾಖಲೆ ಕೋಣೆಯ ಫ್ಯಾನು ಕೆಟ್ಟಿದೆ ಎಂದು ಬರೆದುಕೊಟ್ಟು ಎರಡು ವರ್ಷವಾಯಿತು.

ನಿರ್ದೇಶಕರು ಭಾಷಣ ಮಾಡಿದರು. ನಾನು ಮನಸ್ಸಿನಲ್ಲೇ ಅವರಿಗೆ ಮಂದಹಾಸ ಎಂದು ಹೆಸರಿಟ್ಟಿದ್ದೇನೆ. ಸಾವಿನ ಸುದ್ದಿ ಹೇಳುವಾಗಲೂ ಆ ತುಟಿ ಕೆಳಗಿಳಿಯುವುದಿಲ್ಲ. ಹಿಂದೆ ಒಂದು ಮನೆತನದ ರೋಗದ ಬೇರು ಹುಡುಕಲು ವರ್ಷ ಬೇಕಿತ್ತಂತೆ, ಇನ್ನು ಎರಡು ದಿನ ಸಾಕಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ವರ್ಷಗಟ್ಟಲೆ ಹುಡುಕಿದವಳು ಹಿಂದಿನ ಸಾಲಿನಲ್ಲಿ ಕೂತು ತಾನೂ ತಟ್ಟಿದಳು. ನನಗೆ ನನ್ನ ಕೈಗಳೇ ಹೇಸಿಗೆಯೆನಿಸಿದವು.

ಇಪ್ಪತ್ತಾರು ವರ್ಷದಿಂದ ನಾನು ಇಲ್ಲಿ ವಂಶವೃಕ್ಷ ಬರೆಯುತ್ತಿದ್ದೇನೆ. ಗಂಡಸಾದರೆ ಚೌಕ, ಹೆಂಗಸಾದರೆ ವೃತ್ತ, ರೋಗವಿದ್ದರೆ ಕಪ್ಪು, ಸತ್ತಿದ್ದರೆ ಅಡ್ಡಗೆರೆ. ಇನ್ನು ಮುಂದೆ ಆ ಕೆಲಸವಿಲ್ಲ. ಈ ಯಂತ್ರಕ್ಕೆ ರಕ್ತವೂ ಬೇಡ, ಎಂಜಲು ಸಾಕು. ಜನ ಕೊಳವೆಯಲ್ಲಿ ಉಗುಳಿ ಅಂಚೆಗೆ ಹಾಕುತ್ತಾರೆ, ನಾನು ಬಿಚ್ಚಿ ನೋಡಿ ಚೀಟಿ ಅಂಟಿಸಬೇಕು. ನಿವೃತ್ತಿಗೆ ಹದಿನಾಲ್ಕು ತಿಂಗಳಿರುವಾಗ ಸಿಕ್ಕ ಬಡ್ತಿ ಇದು.

ಮನೆಯಲ್ಲಿ ಇವರಿಗೆ ಹೇಳಿದೆ. ಪೇಪರು ಮಡಚದೆಯೇ, "ಇಷ್ಟು ವರ್ಷ ಊರವರ ವಂಶ ಜಾಲಾಡಿದೆ. ಎಂಜಲೊಂದು ಬಾಕಿ ಇತ್ತು" ಎಂದರು.

ಜೂನ್ 6, ಗುರುವಾರ

ನಲವತ್ತೊಂದು ಕೊಳವೆ. ಒಂದರಲ್ಲಿ ಬಿಸ್ಕೆಟಿನ ಚೂರು ತೇಲುತ್ತಿತ್ತು. ಉಗುಳುವ ಅರ್ಧ ಗಂಟೆ ಮೊದಲು ಏನೂ ತಿನ್ನಬೇಡಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದು ನಾನೇ. ಇನ್ನೊಂದರ ಮುಚ್ಚಳ ಸಡಿಲವಾಗಿ ಬೆರಳಿಗೆ ಅಂಟಿತು. ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೆಯೇ ಮುಚ್ಚಿದೆ.

ಜೂನ್ 14, ಶುಕ್ರವಾರ

ಯಂತ್ರದ ಜೊತೆಗೆ ಒಬ್ಬ ಹೆಂಗಸನ್ನೂ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಮೂವತ್ತು ದಾಟಿರಬಹುದು. ಯಂತ್ರ ಓದಿದ್ದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಲೆಕ್ಕದವಳು ಎಂದೇ ಎಲ್ಲರೂ ಕರೆಯುತ್ತಾರೆ. ಸದಾ ಉಗುರು ಕಚ್ಚುತ್ತಾಳೆ, ಕಚ್ಚಿದ್ದನ್ನು ಕೀಲಿಮಣೆಯ ಮೇಲೆ ಉದುರಿಸುತ್ತಾಳೆ. ಇವತ್ತು ಅವಳೇ ನನ್ನ ಕೋಣೆಗೆ ಬಂದಳು.

"ಮೇಡಂ, ಈ ಹಳೇ ಪತ್ರಗಳನ್ನೆಲ್ಲ ಟೈಪ್ ಮಾಡಿದ್ದು ನೀವೇ ಅಲ್ವಾ?"

"ಟೈಪ್ ಮಾಡಿದ್ದು, ಮುದ್ರೆ ಒತ್ತಿದ್ದು, ಅಂಚೆಗೆ ಹಾಕಿದ್ದು ಎಲ್ಲ ನಾನೇ. ಸಹಿ ಮಾತ್ರ ದೊಡ್ಡವರದ್ದು."

"ಹೊಟ್ಟೆ ಕ್ಯಾನ್ಸರಿನ ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ, ಅಪಾಯಕಾರಿ, ಅಂತ ನಾಲ್ಕು ಮನೆಗಳಿಗೆ ಹೋಗಿದೆ."

"ಹೋಗಿರುತ್ತೆ. ಏನೀಗ?"

"ಅದು ಅಪಾಯಕಾರಿ ಅಲ್ಲ ಮೇಡಂ."

ಕೂರಿಸಿಕೊಂಡು ಹೇಳಿದಳು. ಹನ್ನೊಂದು ವರ್ಷದ ಹಿಂದೆ ನಮ್ಮವರು ಆ ಅಕ್ಷರವನ್ನು ಹೋಲಿಸಿ ನೋಡಿದ್ದು ನೂರೆಂಬತ್ತು ಆರೋಗ್ಯವಂತರ ಜೊತೆ. ಅವರೆಲ್ಲ ಕಡಲಾಚೆಯ ಯಾವುದೋ ನಾಡಿನವರು. ಅವರಲ್ಲಿ ಒಬ್ಬರಿಗೂ ಆ ಅಕ್ಷರವಿರಲಿಲ್ಲ. ಇಲ್ಲಿ ಕ್ಯಾನ್ಸರ್ ಬಂದ ಮನೆಯವರಲ್ಲಿ ಇತ್ತು. ಅಲ್ಲಿಗೆ ಅದೇ ಕಳ್ಳ ಎಂದು ತೀರ್ಮಾನವಾಯಿತು. ಈಗ ನಾಡಿನುದ್ದಕ್ಕೂ ಇಂಥ ಯಂತ್ರಗಳಲ್ಲಿ ಇಲ್ಲಿಯವರೇ ಅರವತ್ತು ಸಾವಿರ ಜನರದ್ದನ್ನು ಓದಿಯಾಗಿದೆ. ಇನ್ನೂರರಲ್ಲಿ ಒಬ್ಬರಿಗೆ ಆ ಅಕ್ಷರವಿದೆಯಂತೆ. ಅವರೆಲ್ಲ ಉಂಡುಟ್ಟು ಚೆನ್ನಾಗಿದ್ದಾರಂತೆ.

"ಅದರಿಂದ ಕ್ಯಾನ್ಸರ್ ಬರೋದಾಗಿದ್ರೆ ಈ ಊರಲ್ಲಿ ಆಸ್ಪತ್ರೆ ಬಿಟ್ಟು ಬೇರೆ ಕಟ್ಟಡಾನೇ ಇರ್ತಿರ್ಲಿಲ್ಲ ಮೇಡಂ. ಕೆಲವರಿಗೆ ಮೂಗು ಸ್ವಲ್ಪ ಡೊಂಕಿರಲ್ವಾ, ಹಾಗೆ ಅದು."

"ಮತ್ತೆ ಆ ಮನೆಗಳಲ್ಲಿ ಕ್ಯಾನ್ಸರ್ ಬಂದಿದ್ದು?"

"ಬೇರೆ ಏನೋ ಕಾರಣ. ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಮಾತನ್ನು ಈ ಕಟ್ಟಡದಲ್ಲಿ ನಾನು ಕೇಳಿದ್ದು ಇದೇ ಮೊದಲು. ಅವಳು ಮತ್ತೆ ಉಗುರು ಬಾಯಿಗಿಟ್ಟಳು. ಆ ನಾಲ್ಕು ಮನೆಗಳಲ್ಲಿ ಯಾರಾದರೂ ಹೊಟ್ಟೆ ತೆಗೆಸಿಕೊಂಡರೇ ಎಂದು ಕೇಳಿದಳು. ನಾಲ್ಕೂ ಮನೆಯಲ್ಲಿ ಒಬ್ಬೊಬ್ಬರು ಎಂದೆ. ಉಗುರು ಕೆಳಗಿಳಿಯಿತು.

ಜೂನ್ 15, ಶನಿವಾರ

ರಜೆಯಾದರೂ ಹೋದೆ. ನೂರಾ ಹದಿನೆಂಟನೆಯ ಕಡತ ತೆಗೆದೆ. ಉಳಿದ ಮೂವರು ದೂರದೂರಿನವರು. ಇವಳು ಇಲ್ಲಿಯವಳೇ, ದರ್ಜಿ. ತಾಯಿ ಮತ್ತು ಚಿಕ್ಕಮ್ಮ ಇಬ್ಬರೂ ಹೊಟ್ಟೆಯ ಕ್ಯಾನ್ಸರಿನಲ್ಲಿ ತೀರಿಕೊಂಡರೆಂದು ಹೆದರಿ ಬಂದಿದ್ದಳು. ನಮ್ಮ ಪತ್ರ ಹಿಡಿದುಕೊಂಡು ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಹೋದಳು. ಅಲ್ಲಿ ಅವಳ ಹೊಟ್ಟೆಯನ್ನು, ಎಂದರೆ ತಿಂದದ್ದು ಹೋಗಿ ಬೀಳುವ ಒಳಚೀಲವನ್ನು, ಇಡಿಯಾಗಿ ತೆಗೆದು ಅನ್ನನಾಳವನ್ನು ನೇರ ಕರುಳಿಗೆ ಹೊಲಿದರು. ಆಗ ಅವಳಿಗೆ ಮೂವತ್ತನಾಲ್ಕು.

ತೆಗೆದ ಹೊಟ್ಟೆ ಪರೀಕ್ಷೆಗೆ ನಮ್ಮಲ್ಲಿಗೇ ಬಂತು. ಆ ವರದಿಯೂ ಕಡತದಲ್ಲಿದೆ. 'ಇನ್ನೂರ ನಲವತ್ತು ತುಂಡು ಮಾಡಿ ಪ್ರತಿಯೊಂದನ್ನೂ ನೋಡಲಾಗಿದೆ. ಎಲ್ಲಿಯೂ ರೋಗದ ಲಕ್ಷಣವಿಲ್ಲ.' ಈ ರೋಗದ ವಂಶದವರ ಹೊಟ್ಟೆಯಲ್ಲಿ ಹುಡುಕಿದರೆ ಸಾಸಿವೆಯಷ್ಟಾದರೂ ಸಿಕ್ಕೇ ಸಿಗುತ್ತದೆ ಎಂದು ಹೇಳುತ್ತಿದ್ದವರು ನಮ್ಮವರೇ. ಸಿಗದಿದ್ದಾಗ ಒಬ್ಬರೂ ಹುಬ್ಬೇರಿಸಲಿಲ್ಲ. ವರದಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ: 'ಸಕಾಲದಲ್ಲಿ ತೆಗೆಯಲಾಗಿದೆ. ಕಡತ ಮುಕ್ತಾಯ.'

ಅಕ್ಷರ ನನ್ನದು. ದುಂಡಗೆ, ಮುದ್ದಾಗಿ, ಕೊನೆಯಲ್ಲೊಂದು ಬಾಲ ಬಿಟ್ಟು. ಬರೆದ ದಿನ ಸಂತೋಷಪಟ್ಟಿದ್ದೆ, ನೆನಪಿದೆ. ಒಂದು ಜೀವ ಉಳಿಯಿತೆಂದುಕೊಂಡಿದ್ದೆ.

ಕಡತದ ಕಡೆಯ ಹಾಳೆ ಹೋದ ವರ್ಷದ್ದು. ನೂರಾ ಹದಿನೆಂಟರ ಮಗಳು, ಹದಿನೆಂಟು ತುಂಬಿದ ಮೇಲೆ ಪರೀಕ್ಷೆ. ಅದೇ ಅಕ್ಷರ. ಅದೇ ಪತ್ರ. 'ಅಪಾಯಕಾರಿ.' ಅದನ್ನೂ ನಾನೇ ಟೈಪ್ ಮಾಡಿದ್ದೆ, ಹೆಸರು ಬದಲಿಸಿ.

ಜೂನ್ 17, ಸೋಮವಾರ

ಮಂದಹಾಸರ ಕೋಣೆಗೆ ಹೋದೆವು, ನಾನು ಮತ್ತು ಲೆಕ್ಕದವಳು. ಅವರಿಗೆ ಮೊದಲೇ ಗೊತ್ತಿತ್ತು. ಒಂದು ಲೇಖನವನ್ನೇ ಬರೆದು ಕಳಿಸಿಬಿಟ್ಟಿದ್ದಾರೆ. ಅದರಲ್ಲೊಂದು ಪಟ್ಟಿ. 'ಮರುವರ್ಗೀಕರಣಗೊಂಡ ಪ್ರಕರಣಗಳು: ನಾಲ್ಕು.' ತಪ್ಪು ಎಂಬ ಪದ ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲ. ನಾಲ್ಕು ಹೊಟ್ಟೆ ಕಿತ್ತು ಮರುವರ್ಗೀಕರಣ ಎನ್ನಲು ಎಂಥ ನಾಲಿಗೆ ಬೇಕು.

"ವಿಜ್ಞಾನ ಮುಂದೆ ಹೋಗೋದೇ ಹೀಗೆ ಮೇಡಂ. ಅವತ್ತಿನ ತಿಳಿವಳಿಕೆಗೆ ಅದು ಸರಿ ಇತ್ತು."

"ಸರಿ ಸರ್. ಅವರಿಗೆ ಯಾವಾಗ ಹೇಳೋದು?"

"ಸಮಿತಿ ಇದೆ. ಸೆಪ್ಟೆಂಬರ್ ಹನ್ನೆರಡಕ್ಕೆ ಸೇರುತ್ತೆ. ವಕೀಲರು ಪತ್ರದ ಭಾಷೆ ನೋಡಬೇಕು. ಹನ್ನೊಂದು ವರ್ಷ ಆಗಿದೆ, ಇನ್ನು ಮೂರು ತಿಂಗಳಿಗೆ ಏನಾಗುತ್ತೆ?"

"ಒಬ್ಬರಿಗೆ ಮಗಳಿದ್ದಾಳೆ ಸರ್."

"ಅವಳಿಗೆ ಆಪರೇಷನ್ ಅಂತ ನಮ್ಮ ದಾಖಲೆಯಲ್ಲಿ ಏನೂ ಇಲ್ಲವಲ್ಲ."

ಇಲ್ಲ ನಿಜ. ನಮ್ಮ ದಾಖಲೆ ಬರೆಯುವವಳು ನಾನು. ಯಾರೂ ಹೇಳದಿದ್ದರೆ ಅದರಲ್ಲಿ ಏನಿರುತ್ತದೆ?

ಜೂನ್ 21, ಶುಕ್ರವಾರ

ನೂರಾ ಹದಿನೆಂಟರ ಅಂಗಡಿಗೆ ಹೋದೆ. ಹೇಳಲು ಹೋದದ್ದಲ್ಲ, ನೋಡಲು. ನನ್ನ ಬಿಳಿ ಕೋಟಿನ ತೋಳು ಬಿಟ್ಟುಹೋಗಿತ್ತು. ಅದು ನೆಪ.

ರೈಲು ನಿಲ್ದಾಣದ ಹಿಂದಿನ ಬೀದಿ, ಬೀಗ ರಿಪೇರಿಯವನ ಪಕ್ಕ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗ. ಹೆಂಗಸು ಒಣಗಿದ ಕಡ್ಡಿಯಂತಿದ್ದಾಳೆ. ಕೆನ್ನೆಯ ಮೂಳೆ ಎದ್ದಿದೆ. ಯಂತ್ರದ ಪಕ್ಕದಲ್ಲೊಂದು ಡಬ್ಬಿ, ಗಳಿಗೆಗೊಮ್ಮೆ ಅದರಿಂದ ಬ್ರೆಡ್ಡಿನ ತುಂಡು ಮುರಿದು ಬಾಯಿಗಿಟ್ಟು ಮಗುವಿಗೆ ಅರೆದಂತೆ ಅಗಿಯುತ್ತಾಳೆ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು.

"ನೀವು ಆ ಸಂಸ್ಥೆ ಮೇಡಂ ಅಲ್ವಾ? ನಂಗೆ ಮರುಜನ್ಮ ಕೊಟ್ಟೋರು. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಕೆನ್ನೆಗೆ ಬಾರಿಸಿದ್ದರೆ ಸುಖವಾಗುತ್ತಿತ್ತು. ಕೂತೆ.

ಇನ್ನೊಂದು ಯಂತ್ರದ ಮುಂದೆ ಮಗಳು ಗುಂಡಿ ಹೊಲಿಯುತ್ತಿದ್ದಳು. ಹತ್ತೊಂಬತ್ತು ವರ್ಷ. ತುಂಬುಕೆನ್ನೆ, ದೊಡ್ಡ ದನಿ. ತಾಯಿ ಕೋಟಿನ ತೋಳು ಹಿಡಿದು ನೋಡುತ್ತಾ, "ಇವಳಿಗೂ ಜುಲೈ ಒಂಬತ್ತಕ್ಕೆ ಬರೆದುಕೊಟ್ಟಿದ್ದಾರೆ. ಅದೇ ಡಾಕ್ಟರು. ಬೆಳಿಗ್ಗೆ ಏಳಕ್ಕೇ ಬರಬೇಕಂತೆ" ಎಂದಳು, ಶಾಲೆಗೆ ಸೇರಿಸುವ ದಿನ ಹೇಳುವ ಹಾಗೆ.

"ಅಮ್ಮ ಈಗಲೇ ನನ್ನ ಬಟ್ಟೆಗೆಲ್ಲ ಒಳಗಡೆ ಚಾಕ್‌ನಲ್ಲಿ ಗೆರೆ ಎಳೆದಿಟ್ಟಿದ್ದಾಳೆ ಆಂಟಿ," ಎಂದು ಮಗಳು ನಕ್ಕಳು. "ಆಪರೇಷನ್ ಆದ್ಮೇಲೆ ತೆಳ್ಳಗಾಗ್ತೀನಲ್ಲ, ಮೂರು ಮೂರು ಇಂಚು ಹಿಡಿಯೋಕೆ."

"ಆಮೇಲೆ ನಂಗೆ ಪುರುಸೊತ್ತು ಇರಲ್ಲ ಕಣೇ. ನಿನ್ನ ನೋಡ್ಕೋಬೇಕಾಗುತ್ತೆ," ಎಂದಳು ತಾಯಿ.

ಕೋಟು ಹೊಲಿದುಕೊಟ್ಟಳು. ದುಡ್ಡು ಬೇಡವೆಂದಳು. ನಾನು ಬಾಯಿ ಬಿಡಲಿಲ್ಲ. ಹದಿನೆಂಟು ದಿನವಿದೆ.

ಜೂನ್ 22, ಶನಿವಾರ

ಕೋಟನ್ನು ಹಾಕಿಕೊಳ್ಳಲಾಗಲಿಲ್ಲ. ಎಷ್ಟು ಸಣ್ಣ ಹೊಲಿಗೆ ಹಾಕಿದ್ದಾಳೆ.

ಜೂನ್ 24, ಸೋಮವಾರ

ತಾರೀಖು ಹೇಳಿದಾಗ ಮಂದಹಾಸರ ತುಟಿ ಒಂದು ಗಳಿಗೆ ನೇರವಾಯಿತು. ಬಳಿಕ ಮತ್ತೆ ಮೇಲೆದ್ದಿತು.

"ಮುಂದೂಡೋಕೆ ಹೇಳಿ. ಕಾರಣ ಹೇಳಬೇಡಿ. ಇನ್ನೊಂದು ಪರೀಕ್ಷೆ ಬಾಕಿ ಇದೆ ಅನ್ನಿ."

ಅವರೆದುರೇ ದರ್ಜಿಗೆ ಫೋನ್ ಮಾಡಿದೆ. ಇನ್ನೊಂದು ಪರೀಕ್ಷೆ ಬಾಕಿ ಇದೆ, ನಾಲ್ಕು ತಿಂಗಳು ಮುಂದೆ ಹಾಕಿ ಎಂದೆ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮುಂದೆ ಹಾಕೋದು ಬೇಡ ಮೇಡಂ. ನಮ್ಮಮ್ಮ ಹಾಗೇ ಮುಂದೆ ಹಾಕೀ ಹಾಕೀನೇ ಹೋದ್ಲು. ಪರೀಕ್ಷೆ ಬೇಕಾದ್ರೆ ಆಮೇಲೆ ಮಾಡ್ಕೊಳ್ಳಿ, ಹೊಟ್ಟೆ ಹೇಗೂ ನಿಮ್ಮಲ್ಲಿಗೇ ಬರುತ್ತಲ್ಲ."

ಮಂದಹಾಸರು ಕೈಚೆಲ್ಲಿ, "ನೋಡಿದ್ರಾ, ನಮ್ಮ ಪ್ರಯತ್ನ ನಾವು ಮಾಡಿದ್ವಿ" ಎಂದರು. ನಮ್ಮ ಎಂಬ ಮಾತಿನೊಳಗೆ ನನ್ನನ್ನೂ ಸೇರಿಸಿಕೊಂಡರು. ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತು.

ಜೂನ್ 25, ಮಂಗಳವಾರ

ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೂ ಫೋನ್ ಮಾಡಿದೆ. ವೈದ್ಯರು ಸಿಗಲಿಲ್ಲ, ಅವರ ಸಹಾಯಕ ಸಿಕ್ಕ. "ನಿಮ್ಮ ಸಂಸ್ಥೆಯಿಂದ ಲಿಖಿತ ಪತ್ರ ಬರಲಿ ಮೇಡಂ. ಈಗ ನಮ್ಮ ಕೈಲಿರೋ ಪತ್ರದಲ್ಲಿ ಅಪಾಯಕಾರಿ ಅಂತಾನೇ ಇದೆ, ಸಹಿ ಮುದ್ರೆ ಸಮೇತ." ಮುದ್ರೆ ತುಂಬ ಸ್ಪಷ್ಟವಾಗಿದೆ ಎಂದೂ ಹೇಳಿದ. ಹೌದು, ನಾನು ಯಾವತ್ತೂ ಮುದ್ರೆಯನ್ನು ಎರಡು ಸಲ ಒತ್ತುತ್ತೇನೆ.

ಜೂನ್ 27, ಗುರುವಾರ

ಎಲ್ಲವೂ ಅಸಹ್ಯ. ಕ್ಯಾಂಟೀನಿನ ಚಹಾದ ಮೇಲಿನ ಕೆನೆ, ಬಸ್ಸಿನ ಹಿಡಿಕೆಯ ಜಿಡ್ಡು, ಗಾಜಿನ ಕೋಣೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಅತಿಥಿಗಳು. ಕನ್ನಡಿಯಲ್ಲಿ ಕಾಣುವವಳು.

ಊಟಕ್ಕೆ ಕೂತಾಗ ಇವರು ಕೇಳಿದರು. "ಹದಿನೈದು ದಿನದಿಂದ ಅಸಹ್ಯ ಅಸಹ್ಯ ಅಂತಿದ್ದೀಯ. ಯಾರ ಮೇಲೆ?"

ಎಲ್ಲ ಹೇಳಿದೆ. ಹೇಳಿದರೆ ಕೆಲಸಕ್ಕೆ ಕುತ್ತು ಬರಬಹುದೆಂದೂ ಹೇಳಿದೆ. ಇವರು ತಟ್ಟೆ ಬದಿಗೆ ಸರಿಸಿದರು.

"ಅವರಿಗೆ ಹೇಳೋದಾದ್ರೆ ಹೋಗಿ ಹೇಳು. ಹೇಳದೆ ಇರೋದಾದ್ರೆ ನನಗೂ ಹೇಳಬೇಡ. ಅರ್ಧ ಭಾರ ನನ್ನ ತಲೆಗೆ ಯಾಕೆ ಕಟ್ತೀಯ?"

ಮೂವತ್ತು ವರ್ಷದಲ್ಲಿ ಇವರು ನನ್ನೊಂದಿಗೆ ಇಷ್ಟು ಕಟುವಾಗಿ ಮಾತಾಡಿದ್ದಿಲ್ಲ. ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ.

ಜೂನ್ 28, ಶುಕ್ರವಾರ

ಹೊರಡುವ ಮೊದಲು ಲೆಕ್ಕದವಳು ಬಂದು ಒಂದು ಹಾಳೆ ಕೊಟ್ಟಳು. ಅರವತ್ತು ಸಾವಿರ, ಅದರಲ್ಲಿ ಎಷ್ಟು ಜನ, ಯಾವ ಅಕ್ಷರ, ತೀರ್ಮಾನವೇನು, ಎಲ್ಲ ಒಂದೇ ಪುಟದಲ್ಲಿ. ಕೆಳಗೆ ತನ್ನ ಸಹಿ ಹಾಕಿದ್ದಳು. ನಾನು ಕೇಳಿರಲಿಲ್ಲ.

"ನಾನೇ ಕೊಟ್ಟೆ ಅಂತ ಹೇಳ್ಬಹುದು ಮೇಡಂ."

"ನಿಂಗಿನ್ನೂ ಕೆಲಸ ಖಾಯಂ ಆಗಿಲ್ಲವಲ್ಲಮ್ಮ."

"ಗೊತ್ತು."

ಅವಳ ಬೆರಳ ತುದಿಗಳಲ್ಲಿ ರಕ್ತ ಒಸರಿತ್ತು. ನನ್ನ ಡ್ರಾಯರಿನಲ್ಲಿದ್ದ ಗಾಯದ ಪಟ್ಟಿ ತೆಗೆದು ಸುತ್ತಿದೆ.

ಅಂಗಡಿಯಲ್ಲಿ ತಾಯಿ ಮಗಳು ಇಬ್ಬರೂ ಇದ್ದರು. ಸುತ್ತಿ ಬಳಸಿ ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಹೋಗಿದ್ದೆ. ಹಾಗೆಯೇ ಹೇಳಿದೆ. ಆ ಅಕ್ಷರದಿಂದ ಏನೂ ಆಗುವುದಿಲ್ಲ, ಹೊಸ ಯಂತ್ರದಿಂದ ಗೊತ್ತಾಗಿದೆ, ಮಗಳ ಹೊಟ್ಟೆ ತೆಗೆಸಬೇಡಿ. ಮನೆಯಲ್ಲಿ ಇಬ್ಬರಿಗೆ ಬಂದದ್ದರಿಂದ ವರ್ಷಕ್ಕೊಮ್ಮೆ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿಸಿಕೊಂಡರೆ ಸಾಕು.

ತಾಯಿ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಒಂದು ಮಡಿಕೆ ಪೂರ್ತಿ ಮುಗಿಸಿ ದಾರ ಕತ್ತರಿಸಿದಳು.

"ಅಂದ್ರೆ ಇವಳಿಗೆ ಬೇಡ."

"ಬೇಡ."

"ಅಂದ್ರೆ ನಂಗೂ ಬೇಕಿರ್ಲಿಲ್ಲ."

ನಾನು ತಲೆಯಾಡಿಸಿದೆ. ಬಾಯಲ್ಲಿ ಹೇಳಬೇಕಿತ್ತು, ತಲೆಯಾಡಿಸಿದೆ.

"ನಿಮಗೆ ಯಾವಾಗ ಗೊತ್ತಾಯ್ತು?"

"ಹದಿನಾಲ್ಕನೇ ತಾರೀಖು."

"ಇಪ್ಪತ್ತೊಂದಕ್ಕೆ ನೀವು ಇದೇ ಸ್ಟೂಲ್ ಮೇಲೆ ಕೂತಿದ್ರಿ. ತೋಳು ಹೊಲಿಸಿಕೊಂಡು ಹೋದ್ರಿ."

ಹೌದು ಎಂದೆ. ಮಗಳು ಲೆಕ್ಕದವಳ ಹಾಳೆಯನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಳು. ತಾಯಿ ಅದನ್ನು ಅವಳ ಕೈಯಿಂದ ತೆಗೆದು ಮಡಚಿ ನನ್ನ ಮುಂದೆ ಹಿಡಿದಳು.

"ಅವತ್ತೂ ಹೀಗೇ ಒಂದು ಕಾಗದ ಕೊಟ್ರಿ. ನಿಮ್ಮ ಮಾತು ಕೇಳಿ ಕೊಯ್ಸಿಕೊಂಡೆ. ಇವತ್ತು ನಿಮ್ಮ ಮಾತು ಕೇಳಿ ಬಿಟ್ಟುಬಿಡಬೇಕಾ? ನಾಳೆ ಇದಕ್ಕಿಂತ ದೊಡ್ಡ ಯಂತ್ರ ತಂದು, ಇಲ್ಲ, ತೆಗೀಬೇಕಿತ್ತು ಅಂದ್ರೆ? ಅಷ್ಟೊತ್ತಿಗೆ ಇವಳು ನಮ್ಮಮ್ಮನ ಹಾಗೆ ಮಲಗಿದ್ರೆ ಯಾರನ್ನ ಕೇಳ್ಲಿ?"

"ಅವತ್ತು ನೂರೆಂಬತ್ತು ಜನರನ್ನ ನೋಡಿ ಹೇಳಿದ್ರು. ಇವತ್ತು ಅರವತ್ತು ಸಾವಿರ..."

"ನಂಗೆ ಸಾವಿರ ಬೇಡ ಮೇಡಂ. ನಂಗಿರೋದು ಒಬ್ಳು."

ಮಗಳು, "ಅಮ್ಮ, ಆ ಕಾಗದ ಕೊಡು ಇಲ್ಲಿ" ಎಂದಳು. ಆ ದೊಡ್ಡ ದನಿ ಚಿಕ್ಕದಾಗಿತ್ತು. ತಾಯಿ ನನಗೆ ಬಾಗಿಲು ತೋರಿಸಿದಳು. ಕೂಗಲಿಲ್ಲ. ಬೀಗ ರಿಪೇರಿಯವನು ತಲೆಯೆತ್ತಿ ನೋಡುವಷ್ಟೂ ಸದ್ದಾಗಲಿಲ್ಲ.

ಜುಲೈ 1, ಸೋಮವಾರ

ಮಗಳು ಶನಿವಾರವೇ ಆ ಹಾಳೆ ಹಿಡಿದು ಶಸ್ತ್ರಚಿಕಿತ್ಸಕರ ಹತ್ತಿರ ಹೋಗಿದ್ದಾಳೆ. ಅವರು ಮಂದಹಾಸರಿಗೆ ಫೋನ್ ಮಾಡಿದ್ದಾರೆ. ಸಮಿತಿಯ ಒಪ್ಪಿಗೆಯಿಲ್ಲದೆ ಗೋಪ್ಯ ಮಾಹಿತಿ ಹೊರಗೆ ಕೊಟ್ಟಿದ್ದಕ್ಕೆ ಕಾರಣ ಕೇಳಿ ನನಗೆ ನೋಟಿಸು ಬಂತು. ಒಂದು ವಾರದೊಳಗೆ ಉತ್ತರಿಸಬೇಕು. ಅವಳ ಹೊಟ್ಟೆಯ ವಿಷಯ ಅವಳಿಗೇ ಗೋಪ್ಯ.

ಲೆಕ್ಕದವಳಿಗೆ ನೋಟಿಸು ಬಂದಿಲ್ಲ. ಅವಳಿಲ್ಲದೆ ಆ ಯಂತ್ರ ಬರಿಯ ಫ್ರಿಜ್ಜು.

ಜುಲೈ 4, ಗುರುವಾರ

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದರ್ಜಿ ಒಬ್ಬಳೇ ಬಂದಳು. ಸ್ವಾಗತದವಳು ತಡೆದರೆ ಅವಳನ್ನು ಸುತ್ತಿಕೊಂಡು ನೇರ ನನ್ನ ಮೇಜಿಗೆ ಬಂದಳು.

"ನನ್ನ ಹೊಟ್ಟೆ ಇಲ್ಲಿಗೇ ಬಂದಿತ್ತಲ್ಲ. ತೋರಿಸಿ."

ನಿಯಮವಿಲ್ಲ. ಮಂದಹಾಸರು ಊರಲ್ಲಿರಲಿಲ್ಲ. ಇದ್ದಿದ್ದರೂ ಕರೆದುಕೊಂಡು ಹೋಗುತ್ತಿದ್ದೆನೇನೋ. ಬೀಗದ ಕೈ ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ, ಅವಳು ಹಿಂದೆಯೇ ಇಳಿದಳು. ಅಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಡ್ರಾಯರುಗಳು. ಆಕೆಯದು ಎರಡು ಡ್ರಾಯರು. ಬೆಂಕಿಪೆಟ್ಟಿಗೆಗಿಂತ ಚಿಕ್ಕ ಮೇಣದ ಬಿಲ್ಲೆಗಳು, ಒಳಗೆ ಒಂದೊಂದು ಕಂದು ಚೂರು. ಇನ್ನೂರ ನಲವತ್ತು.

ಏನು ನಿರೀಕ್ಷಿಸಿದ್ದಳೋ. ಬಹಳ ಹೊತ್ತು ನಿಂತು ನೋಡಿದಳು. ಒಂದನ್ನು ತೆಗೆದು ದೀಪಕ್ಕೆ ಹಿಡಿದಳು, ಬಟ್ಟೆಯ ನೇಯ್ಗೆ ನೋಡುವಂತೆ.

"ಇದ್ರಲ್ಲಿ ಎಲ್ಲೂ ಇರ್ಲಿಲ್ವಾ?"

"ಇರ್ಲಿಲ್ಲ."

"ಆಗ ಯಾರೂ ನೋಡ್ಲಿಲ್ವಾ?"

"ನೋಡಿದ್ರು. ಏನೂ ಇಲ್ಲ ಅಂತ ಬರೆದೂ ಇದ್ರು. ಅದನ್ನ ಓದಿ ಫೈಲಿಗೆ ಹಾಕಿದ್ದು ನಾನು. ಬೇಗ ತೆಗೆದಿದ್ದಕ್ಕೆ ಏನೂ ಇಲ್ಲ ಅಂದ್ಕೊಂಡೆ."

"ಯಾರನ್ನೂ ಕೇಳ್ಲಿಲ್ವಾ?"

"ಕೇಳ್ಲಿಲ್ಲ."

ಬಿಲ್ಲೆಯನ್ನು ಅದರ ಜಾಗದಲ್ಲೇ ಇಟ್ಟಳು. ಆಮೇಲೆ ಮುಖ ಬಿಳಿಚಿಕೊಂಡು ಬೆವರಿತು. ಬಸ್ಸು ತಪ್ಪೀತೆಂದು ಗಬಗಬನೆ ತಿಂದು ಬಂದಿದ್ದಳಂತೆ, ಹಾಗೆ ತಿಂದರೆ ಆಕೆಗೆ ಆಗುವುದಿಲ್ಲ. ಗೋಡೆ ಹಿಡಿದು ಬಗ್ಗಿದಳು. ನಾನು ಆಕೆಯ ಹಣೆ ಹಿಡಿದುಕೊಂಡೆ. ನನ್ನ ಸೀರೆಯ ಮೇಲೆ, ಕೈಯ ಮೇಲೆ, ನೆಲದ ಮೇಲೆ ಎಲ್ಲ ಬಿತ್ತು. ಕೋಟು ಬಿಚ್ಚಿ ಆಕೆಯ ಬಾಯಿ ಒರೆಸಿದೆ, ನೆಲ ಒರೆಸಿದೆ, ನೀರು ತಂದೆ. ನೆಲದ ಮೇಲೇ ಇಬ್ಬರೂ ಕೂತೆವು. ಅರ್ಧ ಗಂಟೆಯಾದರೂ ಆಗಿರಬೇಕು. ಆಕೆಯ ಬೆನ್ನು ನೀವುತ್ತಿದ್ದರೆ ಒಂದೊಂದು ಎಲುಬೂ ಕೈಗೆ ಸಿಗುತ್ತಿತ್ತು.

"ನಿಮ್ಮನ್ನ ಬೈಯೋಣ ಅಂತ ಬಂದೆ," ಎಂದಳು. "ತ್ರಾಣ ಇಲ್ಲ."

"ಇನ್ನೊಂದಿನ ಬಂದು ಬೈಯಿರಿ."

"ಬರ್ತೀನಿ." ಗೋಡೆಗೆ ಒರಗಿ, "ನನ್ನ ಥರ ಇನ್ನೆಷ್ಟು ಜನ?"

"ಮೂರು."

"ಅವರಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಅವರಿಗೂ ಮಕ್ಕಳಿರ್ತಾರೆ," ಎಂದು ಎದ್ದಳು.

ಮೇಲೆ ಬಂದಾಗ ಎರಡು ಗಂಟೆ. ಊಟ ಮಾಡಿದೆ. ಚೆನ್ನಾಗಿ ಸೇರಿತು. ಯಾಕೋ ಬರೆದಿಡಬೇಕೆನಿಸಿತು.

ಜುಲೈ 5, ಶುಕ್ರವಾರ

ಮೂವರಿಗೂ ಫೋನ್ ಮಾಡಿದೆ. ಒಬ್ಬರು ನಾಲ್ಕು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಅವರ ತಮ್ಮ ಫೋನ್ ತೆಗೆದ. ಅವನೂ ಪರೀಕ್ಷೆ ಮಾಡಿಸಿಕೊಂಡು ಹೆದರಿ ಮದುವೆಯಾಗದೆ ಉಳಿದಿದ್ದಾನಂತೆ. ಅದನ್ನು ಹೇಳುತ್ತಾ ನಗುತ್ತಿದ್ದ, ನಗು ನಿಲ್ಲಲೇ ಇಲ್ಲ. ಎರಡನೆಯವರ ನಂಬರು ಈಗ ಯಾರದೋ ಟೈರು ಅಂಗಡಿಯದು. ವಿಳಾಸಕ್ಕೆ ಕೈಯಲ್ಲೇ ಪತ್ರ ಬರೆದು ಹಾಕಿದೆ. ಮುದ್ರೆ ಒತ್ತಲಿಲ್ಲ. ಮೂರನೆಯವರು ಪೂರ್ತಿ ಕೇಳಿಸಿಕೊಂಡು "ಸರಿ" ಎಂದು ಇಟ್ಟರು.

ಆ ಸರಿ ಎಂಬ ಮಾತು ಸಂಜೆಯವರೆಗೂ ಕಿವಿಯಲ್ಲಿತ್ತು.

ಜುಲೈ 8, ಸೋಮವಾರ

ಬೆಳಗಿನ ಪತ್ರಿಕೆಯನ್ನು ಇವರು ಮಡಚದೆ ನನ್ನ ಮುಂದಿಟ್ಟರು. ಗಾಜಿನ ಕೋಣೆಯಲ್ಲಿ ಯಂತ್ರದ ಮೇಲೆ ಕೈಯಿಟ್ಟುಕೊಂಡು ಮಂದಹಾಸರ ಚಿತ್ರ. 'ಹೊಸ ತಂತ್ರಜ್ಞಾನದಿಂದ ಉಳಿಯಿತು ಯುವತಿಯ ಹೊಟ್ಟೆ.' ಯುವತಿಯ ಶಸ್ತ್ರಚಿಕಿತ್ಸೆ ರದ್ದಾಗಿದೆಯಂತೆ, ಸಂಸ್ಥೆಯ ಸಮಯೋಚಿತ ಕ್ರಮವಂತೆ. ತಾಯಿಯ ಸುದ್ದಿ ಒಂದು ಸಾಲೂ ಇಲ್ಲ. ಸೆಪ್ಟೆಂಬರಿನ ಸಮಿತಿ ಇಲ್ಲ. ಎಂಜಲು ಎಂದರೆ ಇದು. ಕೊಳವೆಯಲ್ಲಿ ಬರುವುದಲ್ಲ.

ನೋಟಿಸಿಗೆ ಉತ್ತರ ಕೊಡಲು ಇವತ್ತೇ ಕಡೆಯ ದಿನ. ಬರೆದೆ: 'ಸಮಿತಿಯ ತಾರೀಖು ಸೆಪ್ಟೆಂಬರ್ ಹನ್ನೆರಡು. ಹುಡುಗಿಯ ತಾರೀಖು ಜುಲೈ ಒಂಬತ್ತು. ಇನ್ನೂ ಮೂರು ಮನೆಗಳಿಗೆ ತಿಳಿಸಿದ್ದೇನೆ.' ಮಂದಹಾಸರು ಓದಿ, ವಿಚಾರಣೆ ಮುಗಿಯುವವರೆಗೆ ರಜೆಯ ಮೇಲಿರಿ, ದಾಖಲೆ ಕೋಣೆಯ ಬೀಗದ ಕೈ ಕೊಟ್ಟುಹೋಗಿ ಎಂದರು, ನಗುನಗುತ್ತಲೇ. ಕೊಟ್ಟೆ. ಲೆಕ್ಕದವಳು ಗೇಟಿನವರೆಗೆ ಬಂದಳು. ವಿಚಾರಣೆಗೆ ತನ್ನನ್ನೂ ಕರೆಯಿರಿ ಎಂದು ಬರೆದುಕೊಟ್ಟಿದ್ದಾಳಂತೆ. ಬೈದೆ.

ಜುಲೈ 9, ಮಂಗಳವಾರ

ಪತ್ರಿಕೆಯಲ್ಲಿ ಬಂದದ್ದನ್ನು ನಂಬುವವಳಲ್ಲ ನಾನು, ಬರೆಸಿದವರು ಯಾರೆಂದು ಗೊತ್ತಿದ್ದ ಮೇಲಂತೂ. ಆರೂವರೆಗೇ ಹೊರಟು ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಹೋದೆ. ದಾಖಲಾತಿ ಕೋಣೆಯ ಮುಂದೆ ಉದ್ದನೆಯ ಬೆಂಚು. ತುದಿಯಲ್ಲಿ ಟೈಲರಮ್ಮ ಕೂತಿದ್ದಳು.

ಸುತ್ತ ನೋಡಿದೆ, ಮಗಳು ಕಾಣಲಿಲ್ಲ.

"ಕರ್ಕೊಂಡು ಬಂದ್ರಾ?"

"ಇಲ್ಲ. ಬರಲ್ಲ ಅಂತ ಅವಳೇ ಮೊನ್ನೆ ಫೋನ್ ಮಾಡಿ ಹೇಳಿದ್ಲು. ನಾನು ಬೇಡ ಅಂತಾನೂ ಅನ್ಲಿಲ್ಲ, ಹ್ಞೂಂ ಅಂತಾನೂ ಅನ್ಲಿಲ್ಲ."

"ಮತ್ತೆ ನೀವ್ಯಾಕೆ ಬಂದ್ರಿ?"

"ಹೆಸರು ಕರೀತಾರೇನೋ ಅಂತ. ಕರೆದ್ರೆ, ಅವಳು ಬರಲ್ಲ ಅಂತ ಹೇಳೋಕೆ ಒಬ್ರಾದ್ರೂ ಬೇಕಲ್ಲ."

ಪಕ್ಕದಲ್ಲಿ ಕೂತೆ. ಸರಿದು ಜಾಗ ಮಾಡಿಕೊಟ್ಟಳು, ಮುಖ ಮಾತ್ರ ನನ್ನ ಕಡೆ ತಿರುಗಿಸಲಿಲ್ಲ. ಏಳು ಗಂಟೆಗೆ ನರ್ಸು ಪಟ್ಟಿ ಹಿಡಿದು ಬಂದು ಒಂದು ಹೆಸರು ಕರೆದಳು. ಒಬ್ಬ ಮುದುಕರು ಮಗನ ತೋಳು ಹಿಡಿದು ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿತು.

"ಇವತ್ತು ಬೆಳಿಗ್ಗೆ ಅವಳು ಹನಿ ನೀರೂ ಕುಡಿಯೋ ಹಾಗಿರ್ಲಿಲ್ಲ," ಎಂದಳು, ಬಾಗಿಲನ್ನೇ ನೋಡುತ್ತಾ. "ನಾನು ಹೊರಡುವಾಗ ಎದ್ದು ಬಂದು, ಹಸಿವು ಕಣಮ್ಮಾ ಅಂತ ಅಡುಗೆಮನೇಲಿ ನಿಂತ್ಕೊಂಡೇ ತಿನ್ತಿದ್ಲು. ಕೂತ್ಕೊಂಡು ತಿನ್ನೇ ಅಂತ ಬೈದು ಬಂದೆ."

ನಾನು ಗೋಡೆಯ ಗಡಿಯಾರ ನೋಡಿದೆ.

"ಹನ್ನೊಂದು ವರ್ಷದಿಂದ ಗಡಿಯಾರ ನೋಡಿ ತಿಂತೀನಿ. ಹಸಿವು ಅನ್ನೋದು ಆ ಚೀಲದ ಜೊತೇಲೇ ಹೋಯ್ತು. ಹೇಗಿರ್ತಿತ್ತು ಅಂತ ಜ್ಞಾಪಿಸಿಕೊಳ್ಳೋಕೆ ಎಷ್ಟು ಒದ್ದಾಡಿದ್ರೂ ಆಗಲ್ಲ. ನೀವು ತಿಂದು ಬಂದ್ರಾ?"

"ಇಲ್ಲ."

"ಹಸೀತಿದೆಯಾ?"

"ಹೂಂ."

"ಹೇಗಿದೆ, ಹೇಳಿ."

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎದೆಗೂಡಿನ ಕೆಳಗೆ ಖಾಲಿ ಖಾಲಿ ಎಂದೆ. ಯಾರೋ ಒಳಗಿನಿಂದ ಮೆಲ್ಲಗೆ ಹಿಡಿದು ಜಗ್ಗಿದ ಹಾಗೆ, ಬಿಟ್ಟ ಹಾಗೆ, ಮತ್ತೆ ಜಗ್ಗಿದ ಹಾಗೆ. ಆಮೇಲೆ ಒಂದು ಸಣ್ಣ ಗುಳುಗುಳು. ಎಲ್ಲೋ ಬ್ರೆಡ್ಡು ಸುಡುವ ವಾಸನೆ ಬಂದರೆ ಬಾಯಲ್ಲಿ ನೀರು ತುಂಬುತ್ತದೆ, ಸಿಟ್ಟೂ ಬರುತ್ತದೆ, ಕೈ ಸ್ವಲ್ಪ ನಡುಗುತ್ತದೆ. ಇನ್ನೇನು ತಿನ್ನಲು ಸಿಗುತ್ತದೆ ಎಂದು ಗೊತ್ತಿದ್ದರೆ ಅದೇ ಒಂದು ಸುಖ.

ಆಕೆ ಕಣ್ಣು ಮುಚ್ಚಿ ಕೇಳಿಸಿಕೊಂಡಳು, ತವರಿನ ಸುದ್ದಿ ಕೇಳುವವಳ ಹಾಗೆ. ನಡುವೆ ಒಮ್ಮೆ, "ಹೌದು, ಜಗ್ಗೋದು" ಎಂದಳು.

ನರ್ಸು ಇನ್ನೂ ಮೂರು ಸಲ ಬಂದಳು. ಎಂಟೂವರೆಯವರೆಗೆ ಕಾದೆವು. ಆಕೆಯ ಮಗಳ ಹೆಸರನ್ನು ಯಾರೂ ಕರೆಯಲಿಲ್ಲ.